ಟೆಂಪೋದ ಎಂಟನೆಯವನು

ಇಪ್ಪತ್ತಾರು ವರ್ಷ ನಾನು ಮಾಡಿದ್ದು ಬೆರಳು ಎಣಿಸುವ ಕೆಲಸ. ಯಾರಾದರೂ ಕೇಳಿದರೆ ‘ಕಾರ್ಟೂನ್ ಕಂಪನಿಯಲ್ಲಿ ಚೆಕರ್’ ಎನ್ನುತ್ತಿದ್ದೆ. ಅವರು ನಕ್ಕು, ‘ಹಾಗಾದರೆ ನಮ್ಮ ಮಗಳದೊಂದು ಚಿತ್ರ ಬರೆದುಕೊಡಿ’ ಎನ್ನುತ್ತಿದ್ದರು. ಬರೆಯುವುದು ಬೇರೆಯವರ ಕೆಲಸ ಮಾರಾಯ್ರೆ! ಅವರು ಬರೆದ ಹಾಳೆಗಳನ್ನು ಕಂತೆಕಂತೆಯಾಗಿ ಮುಂದಿಟ್ಟುಕೊಂಡು, ಯಾರ ಕೈಗೆ ಎಷ್ಟು ಬೆರಳು, ಹಿಂದಿನ ಹಾಳೆಯಲ್ಲಿದ್ದ ಅಂಗಿಯ ಗುಂಡಿ ಈ ಹಾಳೆಯಲ್ಲಿ ಎಲ್ಲಿಗೆ ಹೋಯಿತು ಎಂದು ಹುಡುಕುವುದು ನನ್ನ ಪಾಲಿಗೆ ಬಂದದ್ದು. ಈಗ ಈ ಕೆಲಸಕ್ಕೆ ಸೇರುವ ಮಕ್ಕಳು, ‘ಅದೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಆಂಟಿ’ ಎನ್ನುತ್ತಾರೆ. ನೋಡಿಕೊಳ್ಳಲಿ. ಆದರೂ ಇದನ್ನು ಬರೆದಿಡುತ್ತಿದ್ದೇನೆ. ಯಾಕೆಂದರೆ ನಾನು ಒಂದು ಸಲ ಸರಿಯಾಗಿಯೇ ಎಣಿಸಿ ದೊಡ್ಡ ತಪ್ಪು ಮಾಡಿದೆ.

ನಮ್ಮ ಸ್ಟುಡಿಯೋ ಇದ್ದದ್ದು ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೆಯ ಮಹಡಿಯಲ್ಲಿ. ಕೆಳಗೆ ಪ್ಲಾಸ್ಟಿಕ್ ಬಕೆಟ್ ಮಾಡುವವರು, ಮೇಲೆ ನಾವು. ನಾನು ವಿಲೆ ಪಾರ್ಲೆಯಿಂದ ಲೋಕಲ್ ಹಿಡಿದು, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆ ಕತ್ತಲೆಯೊಳಗೆ ಹೊಗುತ್ತಿದ್ದೆ. ಕತ್ತಲೆ ಯಾಕೆಂದರೆ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಒಬ್ಬೊಬ್ಬರ ಮೇಜಿನಲ್ಲೂ ಒಂದು ಗಾಜು, ಗಾಜಿನ ಕೆಳಗೆ ಟ್ಯೂಬ್‌ಲೈಟ್. ಹಾಳೆಯ ಮೇಲೆ ಹಾಳೆ ಇಟ್ಟರೆ ಕೆಳಗಿನ ಗೆರೆ ಮೇಲೆ ಕಾಣಬೇಕಲ್ಲ, ಅದಕ್ಕೆ. ಹಾಗಾಗಿ ಇಪ್ಪತ್ತೆರಡು ಜನರ ಮುಖಗಳಿಗೂ ಬೆಳಕು ಗಲ್ಲದ ಕೆಳಗಿನಿಂದ ಬೀಳುತ್ತಿತ್ತು. ಕಣ್ಣಿನ ಗುಳಿಗಳೆಲ್ಲ ಕಪ್ಪು. ಹೊಸಬರು ಮೊದಲ ದಿನ ಬಾಗಿಲಲ್ಲೇ ಗಕ್ಕನೆ ನಿಂತುಬಿಡುತ್ತಿದ್ದರು, ನಾನೂ ನಿಂತಿದ್ದೆ.

ನಾನು ಹೆಚ್ಚು ಕಾಲ ದುಡಿದದ್ದು ಒಂದೇ ಸರಣಿಗೆ. ಕಥೆ, ಮಾತು ಎಲ್ಲ ವಿದೇಶದವರದು, ಗೆರೆ ಎಳೆಯುವುದು ನಮ್ಮದು. ಗ್ರಹದಿಂದ ಗ್ರಹಕ್ಕೆ ಮನೆ ಸಾಮಾನು ಸಾಗಿಸುವ ಒಂದು ಹಳೇ ಆಕಾಶನೌಕೆ, ಅದರಲ್ಲಿ ಏಳು ಜನ. ಬದನೆಕಾಯಿ ತಲೆಯ ಮೂರು ಕಣ್ಣಿನ ಕ್ಯಾಪ್ಟನ್, ಕತ್ತಲೆಗೆ ಹೆದರುವ ರೋಬೋಟ್, ಉಳಿದವರೂ ಇಂಥವರೇ. ಸ್ಟುಡಿಯೋದಲ್ಲಿ ನಾವೆಲ್ಲ ಅದನ್ನು ‘ಟೆಂಪೋ’ ಎಂದೇ ಕರೆಯುತ್ತಿದ್ದೆವು. ಪ್ರತಿ ಕಂತಿನ ಕೊನೆಯ ದೃಶ್ಯ ಒಂದೇ: ಹೊರಡುವ ಮುಂಚೆ ಕ್ಯಾಪ್ಟನ್ ಬೆರಳು ಮಡಚಿ ತನ್ನವರನ್ನು ಎಣಿಸುತ್ತಾನೆ, ‘ಏಳು, ಎಲ್ಲರೂ ಬಂದರು’ ಎನ್ನುತ್ತಾನೆ, ಆಮೇಲೆ ಬಾಗಿಲು ಜಾರಿ ಮುಚ್ಚುವುದನ್ನು ಹೊರಗಿನಿಂದ ತೋರಿಸುತ್ತಾರೆ.

ಶುರುವಿನಲ್ಲೇ ನನ್ನಿಂದ ಒಂದು ಎಡವಟ್ಟಾಯಿತು. ಒಂದು ದೃಶ್ಯದಲ್ಲಿ ಕ್ಯಾಪ್ಟನ್ನಿಗೆ ನಾಲ್ಕು ಕಣ್ಣಿದ್ದವು, ನಾನು ಸರಿ ಎಂದು ರುಜು ಹಾಕಿ ಕಳಿಸಿಬಿಟ್ಟೆ. ನಮ್ಮ ಹಿರಿಯರು ಪರಾಂಜಪೆ ಸಾಹೇಬರು ಎಲ್ಲರ ಎದುರು ನನಗೆ ಮಂಗಳಾರತಿ ಮಾಡಿದರು. ಅವತ್ತಿನಿಂದ ನಾನು ರಬ್ಬರ್ ಕೆಳಗಿಡಲಿಲ್ಲ. ‘ರಬ್ಬರ್ ಅಕ್ಕ’ ಎಂಬ ಹೆಸರೂ ಬಂತು.

ರಬ್ಬರಿಗೆ ಹೆಚ್ಚು ಕೆಲಸ ಕೊಡುತ್ತಿದ್ದದ್ದು ನಮ್ಮವರ ಒಂದು ಚಾಳಿ. ಸರಣಿಯ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ನಮ್ಮವರ ಹೆಸರು ಇರುತ್ತಿರಲಿಲ್ಲ. ಹೆಸರಿಲ್ಲದಿದ್ದರೆ ಮುಖವಾದರೂ ಹೋಗಲಿ ಎಂದು ಚಿತ್ರಕಾರರು ಕದ್ದುಮುಚ್ಚಿ ತಮ್ಮದೇ ಮುಖವನ್ನು ಸಂತೆಯ ಗುಂಪಿನಲ್ಲೋ, ಕಿಟಕಿಯ ಹಿಂದೆಯೋ ಬರೆದುಬಿಡುತ್ತಿದ್ದರು. ನಾನು ಹುಡುಕಿ ಅಳಿಸುತ್ತಿದ್ದೆ. ಅವರು ಬೈಯುತ್ತಿದ್ದರು, ನಾನು ನಗುತ್ತಿದ್ದೆ. ಕಳ್ಳ ಪೊಲೀಸ್ ಆಟದಂತಿತ್ತು.

ಬಸವರಾಜ ಮಾತ್ರ ಈ ಆಟಕ್ಕೆ ಬಂದವನಲ್ಲ. ಬಾಗಲಕೋಟೆ ಕಡೆಯವನು, ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದನಂತೆ. ಒಂದು ಚಲನೆಯ ಮೊದಲ ಚಿತ್ರ, ಕೊನೆಯ ಚಿತ್ರ ದೊಡ್ಡವರು ಬರೆದರೆ ನಡುವಿನವನ್ನು ತುಂಬುವುದು ಅವನ ಕೆಲಸ. ಮೂಲೆಯ ಮೇಜು. ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಕೊಟ್ಟ ಕಂತೆಯಲ್ಲಿ ಎಣಿಕೆಯ ದೃಶ್ಯ ನೋಡುತ್ತೇನೆ, ತೆರೆದ ಬಾಗಿಲಿನ ಹೊರಗೆ, ಮಣ್ಣಿನ ಮೇಲೆ, ಒಬ್ಬ ಮನುಷ್ಯ ನಿಂತಿದ್ದಾನೆ. ಹದಿಮೂರು ಹಾಳೆಗಳಲ್ಲಿ. ಕೂಗಿ ಕರೆದೆ.

“ಎಂತ ಮಾರಾಯ ಇದು? ಟೆಂಪೋದಲ್ಲಿ ಇರುವುದು ಏಳು ಜನ. ನೀನ್ಯಾವ ಎಂಟನೆಯವ?”

“ಅಕ್ಕಾರ, ಇದೊಂದ್ ಸಲ ಇರ್ಲಿ ಬಿಡ್ರಿ,” ಎಂದ. ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. “ನಮ್ಮಾಕಿ ನಂಬಂಗಿಲ್ರಿ. ಗಂಡಸಾಗಿ ಗೊಂಬಿ ಬರದ್ರ ಯಾರ್ ಪಗಾರ ಕೊಡ್ತಾರ, ಎಲ್ಲೋ ಬ್ಯಾರೇ ಹೊಲಸ ಕೆಲಸ ಮಾಡ್ತೀರಿ ಅಂತಾಳ. ಟಿವ್ಯಾಗ ನನ್ ಮಾರಿ ನೋಡಿದ್ರ ನಂಬ್ತಾಳ್ರಿ.”

“ಅವಳು ನಂಬಲಿಕ್ಕೆ ನಾನು ಬೈಸಿಕೊಳ್ಳಬೇಕಾ? ಒಳ್ಳೇ ಕಥೆ!”

ಅವನು ಎದುರಿಗೇ ನಿಂತಿದ್ದಾಗಲೇ ಹದಿಮೂರು ಹಾಳೆಗಳಿಂದಲೂ ಅವನನ್ನು ಉಜ್ಜಿ ತೆಗೆದೆ. ಒತ್ತಿ ಬರೆಯುವ ಕೈ ಅವನದು, ತೋಳು ನೋಯುವಷ್ಟು ಉಜ್ಜಬೇಕಾಯಿತು. ಮುಗಿದ ಮೇಲೆ “ಆತ್ ಬಿಡ್ರಿ” ಎಂದು, ಮೇಜಿನ ಮೇಲೆ ಬಿದ್ದಿದ್ದ ರಬ್ಬರಿನ ಪುಡಿಯನ್ನೆಲ್ಲ ಬ್ರಶ್ಶಿನಿಂದ ಅಂಗೈಗೆ ಗುಡಿಸಿಕೊಂಡು ಹೋದ. ಪಾಪ, ಮೇಜು ಚೊಕ್ಕ ಮಾಡಿದ ಎಂದುಕೊಂಡೆ. ಹಾಳೆಗಳು ಆ ಸಂಜೆಯೇ ಸ್ಕ್ಯಾನಿಂಗಿಗೆ ಹೋದವು. ಮಾರನೆಯ ದಿನ ಬಸವರಾಜ ಕೆಲಸಕ್ಕೆ ಬರಲಿಲ್ಲ.

ನಾಲ್ಕನೆಯ ದಿನ ಅವನ ಹೆಂಡತಿ ಬಂದಳು. ಶಾಂತವ್ವ ಎಂದು ಹೆಸರು. ಬೈಕುಲ್ಲಾದ ಒಂದು ಚಾಳಿನಲ್ಲಿ ಮನೆ, ಖಾನಾವಳಿಗಳಿಗೆ ಜೋಳದ ರೊಟ್ಟಿ ತಟ್ಟಿ ಕೊಡುತ್ತಿದ್ದಳು. ಹಣೆ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಬಾಗಿಲಲ್ಲಿ ನಿಂತು, ಕೆಳಗಿನಿಂದ ಬೆಳಕು ಬಿದ್ದ ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ ಕೇಳಿದಳು, “ನಮ್ಮ ಮನ್ಯಾರು ಇಲ್ಲೇ ಗೊಂಬಿ ಬರೀತಿದ್ರಂತ, ಖರೇ ಏನ್ರಿ?”

ಗಂಡ ನಾಲ್ಕು ದಿನದಿಂದ ಮನೆಗೆ ಬಂದಿಲ್ಲ. ಪೊಲೀಸರು ಫೋಟೋ ಕೇಳುತ್ತಿದ್ದಾರೆ. ಅವಳ ಹತ್ತಿರ ಇದ್ದದ್ದು ಮದುವೆಯ ಫೋಟೋ ಒಂದೇ, ಅದರಲ್ಲಿ ಬಾಸಿಂಗದ ಮರೆಗೆ ಅರ್ಧ ಮುಖವೇ ಇಲ್ಲ. ಪರಾಂಜಪೆ ಸಾಹೇಬರು ಅವನ ಅರ್ಜಿಯ ಫೈಲು ತೆಗೆಸಿದರು. ಅಂಟಿಸಿದ ಫೋಟೋ ಮಳೆಗಾಲದ ತೇವಕ್ಕೆ ಕರಗಿ, ಕೊರಳಿನ ಮೇಲೆ ಬರೀ ಬಿಳಿ ಕಲೆಯಿತ್ತು. ಆಗಿನ್ನೂ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದ್ದ ಕಾಲವಲ್ಲ.

“ಅಷ್ಟೇನಾ? ನಾವು ಬರೆದು ಕೊಡುತ್ತೇವೆ,” ಎಂದರು ನಮ್ಮವರು. ಇಪ್ಪತ್ತು ಜನ ಕೂತರು. ದಿನಾ ಮುಖ ಬರೆದು ಅನ್ನ ತಿನ್ನುವವರು. ಅರ್ಧ ಗಂಟೆಯಲ್ಲಿ ಮೇಜಿನ ಮೇಲೆ ಇಪ್ಪತ್ತು ಬಸವರಾಜರು. ಒಬ್ಬನಂತೆ ಇನ್ನೊಬ್ಬನಿಲ್ಲ. ಒಂದಕ್ಕೆ ದುಂಡು ಮುಖ, ಒಂದಕ್ಕೆ ಉದ್ದ. ಮೂಗು ಹೇಗಿತ್ತು ಎಂದು ಕೇಳಿದರೆ ಒಬ್ಬರಿಗೂ ನೆನಪಿಲ್ಲ! ಮೂರು ವರ್ಷ ಜೊತೆಗೆ ಟೀ ಕುಡಿದವನು. ಶಾಂತವ್ವ ಒಂದೊಂದನ್ನೇ ನೋಡಿ “ಇವ್ರಲ್ರಿ, ಇವ್ರಲ್ರಿ” ಎನ್ನುತ್ತಾ ಹೋದಳು.

ಆಗ ನನಗೆ ಹೊಳೆದದ್ದು ಆ ಹದಿಮೂರು ಹಾಳೆ. ಸ್ಕ್ಯಾನಾಗಿ ಅಟ್ಟ ಸೇರಿದ್ದ ಡಬ್ಬಿ ಇಳಿಸಿ, ಗಾಜಿನ ಮೇಲಿಟ್ಟು ದೀಪ ಹಾಕಿದೆ. ಬಾಗಿಲ ಹೊರಗೆ ಬಿಳೀ ಕಾಗದ, ಅಷ್ಟೇ. ಆದರೆ ಬೆರಳಾಡಿಸಿದರೆ ಗೀರು ಸಿಕ್ಕುತ್ತಿತ್ತು. ಗೆರೆ ಹೋಗಿತ್ತು, ಒತ್ತಿದ ಕುಳಿ ಹೋಗಿರಲಿಲ್ಲ. ನೀಲಿ ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಹಗುರವಾಗಿ ಸವರಿದೆ. ಮೊದಲು ಒಂದು ಕಿವಿ ಬಂತು. ಆಮೇಲೆ ಹುಬ್ಬು. ಆಮೇಲೆ ತುದಿಯಲ್ಲಿ ತುಸು ಎಡಕ್ಕೆ ವಾಲಿದ ಮೂಗು. ನೀಲಿಯ ನಡುವೆ ಬಿಳಿ ಗೆರೆಗಳಲ್ಲಿ ಬಸವರಾಜ ನಿಧಾನವಾಗಿ ಮೇಲೆ ಬಂದ. “ಇವ್ರ ನೋಡ್ರಿ,” ಎಂದಳು ನನ್ನ ಹಿಂದೆ ನಿಂತಿದ್ದ ಶಾಂತವ್ವ.

ಹದಿಮೂರನ್ನೂ ಸವರಿ, ಚಿತ್ರ ಚಲಿಸುವ ಹಾಗೆ ಅಂಚು ಹಿಡಿದು ಒಂದೊಂದೇ ಹಾಳೆ ಫರ್ರನೆ ಬಿಟ್ಟು ತೋರಿಸಿದೆ. ನಾನು ಅವನು ಸುಮ್ಮನೆ ನಿಂತಿದ್ದಾನೆ ಎಂದುಕೊಂಡಿದ್ದೆ. ಇಲ್ಲ. ಅವನು ತಲೆಯೆತ್ತುತ್ತಾನೆ, ನೇರ ನಮ್ಮನ್ನೇ ನೋಡುತ್ತಾನೆ, ಒಳಗೆ ಬರಲು ಬಲಗಾಲು ಎತ್ತುತ್ತಾನೆ. ಅಲ್ಲಿಗೆ ಹಾಳೆ ಮುಗಿಯಿತು.

“ಕಾಲ್ ಕೆಳಗ ಇಡ್ಲೇ ಇಲ್ಲಲ್ರಿ?” ಎಂದಳು ಶಾಂತವ್ವ.

“ಇಷ್ಟೇ ಬರೆದದ್ದು ಮಾರಾಯ್ತಿ,” ಎಂದೆ. ನಾನೇ ಅಳಿಸಿದ್ದು ಎಂದು ಹೇಳಲು ಆ ದಿನ ನನಗೆ ಬಾಯಿ ಬರಲಿಲ್ಲ. ಮುಖವಿದ್ದ ಹಾಳೆಯ ಜೆರಾಕ್ಸ್ ತೆಗೆದುಕೊಂಡು ಅವಳು ಪೊಲೀಸರಲ್ಲಿಗೆ ಹೋದಳು.

ಹದಿನೈದು ದಿನದ ಮೇಲೆ ಪರಾಂಜಪೆ ಸಾಹೇಬರು ನನ್ನನ್ನು ಒಳಗೆ ಕರೆದು ಕಂಪ್ಯೂಟರ್ ತಿರುಗಿಸಿದರು. “ಸುಮತಿಬಾಯಿ, ಹಾ ಆಠವಾ ಕೋಣ?” ಯಾರಿವನು ಎಂಟನೆಯವನು ಎಂದು. ಎಣಿಕೆಯ ದೃಶ್ಯ. ಬಾಗಿಲಾಚೆ, ಹೊಗೆಯಷ್ಟು ತೆಳ್ಳಗೆ, ಒಂದು ಬೂದು ಆಕೃತಿ ತಲೆಯೆತ್ತಿ ಕಾಲೆತ್ತಿತು. ನಾನು ಅಳಿಸಿದ ಗೆರೆಗಳ ಕುಳಿಗಳನ್ನು ಸ್ಕ್ಯಾನರಿನ ಬೆಳಕು ಹಿಡಿದುಬಿಟ್ಟಿತ್ತು. ನನ್ನ ನೌಕರಿ ಹೋಯಿತು ಎಂದುಕೊಂಡೆ. ಆದರೆ ಕಂತು ನೋಡಿದ ವಿದೇಶದ ಸರಣಿಯವರಿಗೆ ಅದು ಬಹಳ ಹಿಡಿಸಿತಂತೆ! ಇನ್ನು ಮುಂದೆ ಪ್ರತಿ ಕಂತಿನಲ್ಲೂ ಕ್ಯಾಪ್ಟನ್ ಎಣಿಸುವಾಗ ಲೆಕ್ಕ ಎಂಟಕ್ಕೆ ಬರಬೇಕು, ಅವನು ತಲೆ ಕೆರೆದುಕೊಂಡು ‘ಇರಲಿ ಬಿಡು’ ಎನ್ನಬೇಕು, ಬಾಗಿಲಾಚೆಯ ಬೂದು ಮನುಷ್ಯ ಯಾರೆಂದು ಯಾರಿಗೂ ಗೊತ್ತಾಗಬಾರದು. ಆ ಸರಣಿ ನೋಡಿದ ಮಕ್ಕಳಿಗೆ ಉಳಿದದ್ದು ಮರೆತರೂ ಎಂಟನೆಯವನು ಮಾತ್ರ ನೆನಪಿರುತ್ತಾನೆ. ಅವನು ಹುಟ್ಟಿದ್ದು ಹೀಗೆ.

“ತಪ್ಪು ನಿಮ್ಮದು, ಬರೆಯುವವರೂ ನೀವೇ,” ಎಂದರು ಸಾಹೇಬರು. ಅಂತೂ ರಬ್ಬರ್ ಅಕ್ಕನ ಕೈಗೆ ಪೆನ್ಸಿಲ್ ಬಂತು. ನೀಲಿ ಹಾಳೆ ಪಕ್ಕದಲ್ಲಿಟ್ಟುಕೊಂಡು, ಪ್ರತಿ ಕಂತಿಗೆ ನಾನು ಬಸವರಾಜನನ್ನು ಬರೆದೆ.

ಶಾಂತವ್ವ ಬರತೊಡಗಿದ್ದು ಆಗಿನಿಂದ. ಒಂದೊಂದು ಕಂತು ಮುಗಿದಾಗಲೂ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಅದೇ ಕುಂಕುಮ, ಅದೇ ಹಸಿರು ಬಳೆಯಲ್ಲಿ ಬರುತ್ತಿದ್ದಳು. ಪೊಲೀಸರು ಏನೆಂದರು ಎಂದು ಕೇಳಿದರೆ “ಹುಡಕಾಕತ್ತಾರ್ರಿ” ಎನ್ನುತ್ತಿದ್ದಳು. ಆಮೇಲೆ ಕೊನೆಯ ದೃಶ್ಯವನ್ನು ಎರಡು ಮೂರು ಸಲ ಹಾಕಿಸಿ ನೋಡುತ್ತಿದ್ದಳು. ಒಂದು ದಿನ ಮೆಲ್ಲಗೆ ಹೇಳಿದಳು, “ಅಕ್ಕಾರ, ಹೊರಗ ಭಾಳ ಥಂಡಿ ಇರಬೇಕ್ರಿ. ಈ ಸಲ ಒಂದೀಟ ಒಳಗ ಬರಂಗ ಬರೀರಿ.”

ಅವನು ಬಾಗಿಲಾಚೆಯೇ ಇರಬೇಕೆಂದು ಆಜ್ಞೆ. ಆದರೂ ನಾನು ಬರೆದೆ. ಅರ್ಧ ಬೆರಳಿನಷ್ಟು ಹತ್ತಿರ. ಮುಂದಿನ ಕಂತಿಗೆ ಇನ್ನರ್ಧ. ಯಾರಿಗೂ ತಿಳಿಯಲಿಲ್ಲ, ಚೆಕರ್ ನಾನೇ ಅಲ್ಲವೇ! ಅವನು ಒಳಗೆ ಬಂದರೆ ಮನೆಗೂ ಬರುತ್ತಾನೆ ಎಂದು ಅವಳಿಗೆ ಹುಚ್ಚು ನಂಬಿಕೆ ಎಂದುಕೊಂಡಿದ್ದೆ. ಕೆಲವು ತಿಂಗಳಲ್ಲಿ ಆ ಹುಚ್ಚು ನನಗೂ ಹತ್ತಿತು. ಕಾಂದಿವಲಿ ಸ್ಟೇಷನ್ನಿನಲ್ಲಿ ಇಳಿಯುವವರ ಮೂಗು ನೋಡುತ್ತ ನಿಲ್ಲುತ್ತಿದ್ದೆ.

ಒಂದು ಕಂತಿನಲ್ಲಿ ನೆರಳುಗಳ ಗ್ರಹವೊಂದು ಬಂದಿತ್ತು. ಅಲ್ಲಿಯ ಜನ ಮನೆಯಲ್ಲೇ ಮಲಗಿ, ಡ್ಯೂಟಿಗೆ ನೆರಳನ್ನು ಕಳಿಸುತ್ತಾರೆ. ಟೆಂಪೋದವರು ಸಾಮಾನು ಹೊರಲು ಬಂದ ನೆರಳುಗಳ ಜೊತೆ ಚೌಕಾಸಿ ಮಾಡುವುದು, ರೋಬೋಟ್ ತನ್ನ ನೆರಳಿಗೇ ಹೆದರಿ ಕಪಾಟಿನಲ್ಲಿ ಅಡಗುವುದು, ಬಿದ್ದು ಬಿದ್ದು ನಗುವ ಕಂತು. ನಾವೆಲ್ಲ ನಗುತ್ತಿದ್ದಾಗ ಶಾಂತವ್ವ ಕೇಳಿದಳು, “ನೆಳ್ಳ ದುಡಿಯಾಕ ಬಂದ್ರ, ಮನಷ್ಯಾ ಎಲ್ಲಿರ್ತಾನ್ರಿ?” ಯಾರೋ ಕಂತನ್ನು ಸರಸರನೆ ಕೊನೆಯ ದೃಶ್ಯಕ್ಕೆ ಓಡಿಸಿದರು.

ಇನ್ನೊಂದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದ್ದೇನೆ. ಒಮ್ಮೆ ನನಗೆ ಟೈಫಾಯ್ಡ್ ಆಗಿ ಮೂರು ವಾರ ಮಲಗಿದೆ. ಬಿಟ್ಟ ಮನೆಗಳ ಗೋಡೆಯಲ್ಲಿ ಹಳಬರ ಮಾತು ಉಳಿದುಕೊಳ್ಳುವ ಊರಿನ ಕಂತು ಆಗ ನಡೆಯುತ್ತಿತ್ತು. ವಾಪಸು ಬಂದು ನೋಡಿದರೆ ಎಂಟನೆಯವನು ಇದ್ದಾನೆ. ಅರ್ಧ ಬೆರಳಿನಷ್ಟು ಹತ್ತಿರವೂ ಬಂದಿದ್ದಾನೆ. ಯಾರು ಬರೆದದ್ದು ಎಂದು ಕೇಳಿದೆ. ಅವನು, ಇವನು, ಎಂದು ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಕೊನೆಗೆ ಯಾರೂ ಅಲ್ಲ. ನೀಲಿ ಹಾಳೆ ನನ್ನ ಕಪಾಟಿನಲ್ಲಿತ್ತು, ಬೀಗದ ಕೈ ನನ್ನ ಮನೆಯಲ್ಲಿತ್ತು. ಇಪ್ಪತ್ತರಲ್ಲಿ ಯಾರೋ ಒಬ್ಬರು ಬರೆದಿರಲೇಬೇಕು, ಕಾಗದ ತಾನಾಗಿ ಬರೆದುಕೊಳ್ಳುವುದಿಲ್ಲ. ಆದರೆ ಮೂಗು ಸರಿಯಾಗಿತ್ತು. ತುದಿಯಲ್ಲಿ, ತುಸು ಎಡಕ್ಕೆ.

ಆರು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಕಾಗದ ಹೋಗಿ ಕಂಪ್ಯೂಟರಿನ ಪರದೆಯ ಮೇಲೇ ಬರೆಯುವುದು ಬಂತು. ಕಿಟಕಿಯ ಕಪ್ಪು ಕಾಗದ ಕಿತ್ತರು. ನನಗೆ ಎಲ್ಲ ಒಗ್ಗಿತು, ಒಂದು ಮಾತ್ರ ಒಗ್ಗಲಿಲ್ಲ. ಅಲ್ಲಿ ಅಳಿಸಿದರೆ ಕುಳಿ ಇಲ್ಲ, ಪುಡಿ ಇಲ್ಲ. ಇದ್ದದ್ದು ಇರಲೇ ಇಲ್ಲ ಎಂಬ ಹಾಗೆ ಹೋಗಿಬಿಡುತ್ತದೆ. ಮಕ್ಕಳೇ, ನೀವು ಅದನ್ನು ದಿನಕ್ಕೆ ಸಾವಿರ ಸಲ ಮಾಡುತ್ತೀರಿ. ನನಗೆ ಆ ಅಳಿಸುವ ಗುಂಡಿ ಒತ್ತುವಾಗ ಈಗಲೂ ಕೈ ತಡೆಯುತ್ತದೆ.

ಕಡೆಯ ಕಂತು ಬಂತು. ಎಂಟನೆಯವನ ಕಾಲು ಆಗ ಹೊಸ್ತಿಲಿನ ಮೇಲೆ, ಗಾಳಿಯಲ್ಲಿತ್ತು. ಸರಣಿಯವರ ಪತ್ರದಲ್ಲಿ ಬರೆದಿತ್ತು: ಮುಗಿಯುವಾಗ ಲೆಕ್ಕ ಸರಿಯಾಗಬೇಕು, ಕ್ಯಾಪ್ಟನ್ ಏಳೇ ಎಣಿಸಬೇಕು, ಎಂಟನೆಯವನು ಕಾಣಬಾರದು. ಎರಡನೆಯ ಸಲ ನಾನೇ ಅವನನ್ನು ಅಳಿಸಬೇಕು. ಆ ಹೆಣ್ಣಿಗೆ ಏನೆಂದು ಹೇಳಲಿ? ಭಾನುವಾರ ಮಧ್ಯಾಹ್ನ, ಮೊದಲು ತಿಳಿಸದೆ, ವಿಳಾಸ ಹುಡುಕಿಕೊಂಡು ಬೈಕುಲ್ಲಾಕ್ಕೆ ಹೋದೆ.

ಶಾಂತವ್ವ ಚಾಳಿನ ಪಡಸಾಲೆಯಲ್ಲಿ ಕೂತು ರೊಟ್ಟಿ ತಟ್ಟುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆಯಿರಲಿಲ್ಲ.

“ಯಾವಾಗ?” ಎಂದೆ.

“ನೀವ್ ಮಾರಿ ತಗದ್ ಕೊಟ್ರೆಲ್ರಿ, ಅದ್ರ ಮುಂದಿನ ವಾರಾನ ಗೊತ್ತಾತ್ರಿ,” ಎಂದಳು. ಬಸವರಾಜ ಕೊನೆಯ ಸಲ ಸ್ಟುಡಿಯೋದಿಂದ ಹೊರಟ ಸಂಜೆಯೇ ರೈಲ್ವೆ ಹಳಿ ದಾಟುವಾಗ ಗಾಡಿಗೆ ಸಿಕ್ಕಿದ್ದನಂತೆ. ಹೆಸರು ತಿಳಿಯದೆ ಶವಾಗಾರದಲ್ಲಿ ಇಟ್ಟಿದ್ದರು. ನಮ್ಮ ಜೆರಾಕ್ಸಿನ ಹಾಳೆ ನೋಡಿ ಪೊಲೀಸರು ಗುರುತು ಹಿಡಿದರು.

“ಆರು ವರ್ಷ ಮಾರಾಯ್ತಿ! ಆರು ವರ್ಷ ನನ್ನ ಹತ್ತಿರ ಕುಂಕುಮ ಹಚ್ಚಿಕೊಂಡು ಬಂದೆಯಲ್ಲ!”

“ಹೇಳಿದ್ರ ನೀವ್ ಬರಿಯೂದ್ ಬಿಡ್ತಿದ್ರಿ ಅಕ್ಕಾರ. ಅವ್ರು ಅಲ್ಲೇ ನಿಲ್ತಿದ್ರು, ಹೊರಗ, ಒಂದ್ ಕಾಲ್ ಎತಗೊಂಡು.” ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. “ಟಿವ್ಯಾಗ ನನ್ ಮಾರಿ ತೋರಸ್ತೀನಿ ಅಂದಿದ್ರು. ನಾ ನಕ್ಕಿದ್ದೆ.”

ಎದ್ದುಹೋಗಿ ದೇವರ ಜಗುಲಿಯಿಂದ ಒಂದು ಕಾಗದದ ಪೊಟ್ಟಣ ತಂದಳು. “ಅವ್ರ ಅಂಗಿ ಕಿಸೆದಾಗ ಇತ್ತಂತ್ರಿ. ಯಾ ದೇವ್ರ ಅಂಗಾರೋ ಭಸ್ಮಾನೋ ಗೊತ್ತಿಲ್ಲ. ದಿನಾ ಕೈ ಮುಗೀತೀನಿ.”

ಬಿಚ್ಚಿ ನೋಡಿದೆ. ಬೂದು ಬಣ್ಣದ ರಬ್ಬರ್ ಪುಡಿ. ನಾನು ಉಜ್ಜಿ ತೆಗೆದ ಅವನ ಮುಖ. ಆಗ ಎಲ್ಲ ಹೇಳಿಬಿಟ್ಟೆ, ಅವನು ಬೇಡಿಕೊಂಡದ್ದು, ನಾನು ಗೇಲಿ ಮಾಡಿದ್ದು, ಅಳಿಸಿದ್ದು. ಅತ್ತುಬಿಟ್ಟೆ. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಪೊಟ್ಟಣವನ್ನು ಮೊದಲಿನ ಹಾಗೇ ಮಡಚಿ, ಮೊದಲಿನ ಜಾಗದಲ್ಲೇ ಇಟ್ಟು ಬಂದು ಕೇಳಿದಳು, “ಬಾಗಲಾ ಹಾಕೂದ್ರಾಗ ಅವ್ರು ಒಳಗ ಬರ್ತಾರೇನ್ರಿ?”

ಕಂಪ್ಯೂಟರಿನಲ್ಲಿ ಚಿತ್ರಗಳು ಪದರ ಪದರವಾಗಿರುತ್ತವೆ. ಹೊರಗಿನಿಂದ ಬಾಗಿಲು ಮುಚ್ಚುವ ಚಿತ್ರದಲ್ಲಿ ಒಳಗಿನವರದು ಒಂದು ಪದರ, ಬಾಗಿಲಿನದು ಅದರ ಮೇಲೆ ಇನ್ನೊಂದು. ಸೋಮವಾರ ಹೋಗಿ, ಎಣಿಕೆ ಮುಗಿಯುವವರೆಗೆ ಎಂಟನೆಯವನನ್ನು ತೆಗೆದೆ. ಬಾಗಿಲು ಜಾರಿ ಪೂರ್ತಿ ಮುಚ್ಚಿಕೊಂಡ ಮೇಲೆ, ಅದರ ಹಿಂದಿನ ಪದರದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಹದಿನಾಲ್ಕನೆಯ ಚಿತ್ರ ಬರೆದೆ. ಬಲಗಾಲು ಕೆಳಗೆ, ಟೆಂಪೋದೊಳಗಿನ ನೆಲದ ಮೇಲೆ. ಕಳಿಸುವ ಕಾಗದದಲ್ಲಿ ಸರಿಯಿದೆ ಎಂದು ರುಜು ಹಾಕಿದೆ.

ಆ ಕಂತನ್ನು ನಾವಿಬ್ಬರೂ ಬೈಕುಲ್ಲಾದ ಆ ಪಡಸಾಲೆಯಲ್ಲಿ ಅವಳ ಮೊಬೈಲಿನಲ್ಲಿ ನೋಡಿದೆವು. ಅವಳು ಕುಂಕುಮ ಹಚ್ಚಿರಲಿಲ್ಲ. ಕ್ಯಾಪ್ಟನ್ ಬೆರಳು ಮಡಚಿ ಎಣಿಸಿದ. ಒಂದು, ಎರಡು, ಮೂರು. ಬಾಗಿಲಾಚೆ ಬರೀ ಮಣ್ಣು. ‘ಏಳು, ಎಲ್ಲರೂ ಬಂದರು,’ ಎಂದ. ಬಾಗಿಲು ಜಾರಿ ಮುಚ್ಚಿಕೊಂಡಿತು. ಶಾಂತವ್ವ ಮುಚ್ಚಿದ ಬಾಗಿಲಿನ ಮೇಲೆ ಬೆರಳಿಟ್ಟಳು.

“ಎಂಟು,” ಎಂದಳು.

ನಾನು ಚೆಕರ್. ಎಣಿಸಿ ನೋಡಿದೆ, ಸರಿಯಿತ್ತು.